ನಿನ್ನನ್ನೇ ನಂಬಿದ್ದೆವಲ್ಲ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಮಗನನ್ನು ಕಳೆದುಕೊಂಡ ತಂದೆತಾಯಿ. ತಮ್ಮ ಹೆಸರಾಗಲಿ ಮಗನ ಹೆಸರಾಗಲಿ ವೇದಿಕೆಯ ಮೇಲೆ ಬರುವುದು ಬೇಡ ಎಂದಿದ್ದಾರೆ. ನನ್ನನ್ನು ಕರೆಯಲು ಧಾರವಾಡದ ನಮ್ಮ ಮನೆಗೆ ಬಂದಾಗ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಚಹಾ ಆರಿತು. ಹೊರಡುವಾಗ ಆ ತಾಯಿ ಬಾಗಿಲಲ್ಲಿ ನಿಂತು ಹೇಳಿದರು: "ಸರ್, ಮಗು ಹೋದಮೇಲೆ ದೇವರನ್ನ ನಂಬೋದು ಅಂದ್ರ ಏನು, ಅಷ್ಟು ಹೇಳ್ರಿ. ಸಮಾಧಾನ ಮಾತ್ರ ಹೇಳಬ್ಯಾಡ್ರಿ. ಅದನ್ನ ಭಾಳ ಮಂದಿ ಹೇಳ್ಯಾರ."

ಆ ಮಾತು ನನಗೆ ಅರ್ಥವಾಗುತ್ತದೆ. ನಾನು ದೇವಶಾಸ್ತ್ರ ಓದಿದವನಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವನು. ಈ ವಿಷಯದಲ್ಲಿ ನನಗಿರುವ ಅಧಿಕಾರ ಒಂದೇ, ನಾನೂ ಒಂದು ಮಗುವನ್ನು ಮಣ್ಣಿಗೆ ಕೊಟ್ಟ ತಂದೆ. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

ಒಂದು ಮಾತು

ನಮ್ಮ ಮಗಳಿಗೆ ಏಳು ವರ್ಷ. ಎರಡನೆಯ ಇಯತ್ತೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಜ್ವರ ಬಂತು. ಮೂರನೆಯ ದಿನ ಕುತ್ತಿಗೆ ಸೆಟೆಯಿತು, ಮಾತು ತೊದಲಿತು. ಮೆದುಳು ಜ್ವರ ಎಂದರು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಆ ಒಂಬತ್ತು ದಿನವೂ ಸಭೆಯವರು ಪಾಳಿ ಹಚ್ಚಿಕೊಂಡು ಪ್ರಾರ್ಥಿಸಿದರು. ರವಿವಾರದ ಶಾಲೆಯ ಮಕ್ಕಳು ಅವಳ ಹೆಸರು ಹಿಡಿದು ಬೇಡಿಕೊಂಡರು. ನನ್ನ ಹೆಂಡತಿ ಹಾಸಿಗೆಯ ಕಾಲ ಬಳಿ ಮೊಣಕಾಲೂರಿದವಳು ಏಳಲೇ ಇಲ್ಲ ಎನ್ನಬೇಕು. ಹತ್ತನೆಯ ದಿನ ನಸುಕಿನಲ್ಲಿ ಮಗಳು ಹೋದಳು.

ಸಣ್ಣ ಪೆಟ್ಟಿಗೆ. ಹೊರಲು ನಾಲ್ಕು ಜನ ಬೇಕಾಗಲಿಲ್ಲ. ನಾನೊಬ್ಬನೇ ತೋಳಿನಲ್ಲಿ ಹಿಡಿದುಕೊಂಡು ನಡೆದೆ. ಸ್ಮಶಾನದಲ್ಲಿ ಅಯ್ಯನವರು ಪ್ರಾರ್ಥನೆ ಮುಗಿಸಿ ಮೊದಲ ಹಿಡಿ ಮಣ್ಣು ಹಾಕಿದರು. ಆಗ ನನ್ನ ಹೆಂಡತಿ ಮುಖ ಮೇಲೆತ್ತಿ ಒಂದೇ ಮಾತು ಕೂಗಿದಳು: "ನಿನ್ನನ್ನಽ ನಂಬಿದ್ವಲ್ಲೋ ಯಪ್ಪಾ!"

ಪಕ್ಕದಲ್ಲಿದ್ದ ಹಿರಿಯರೊಬ್ಬರು, ಒಳ್ಳೆಯ ಮನುಷ್ಯರೇ, ಅವಳ ಹೆಗಲ ಮೇಲೆ ಕೈಯಿಟ್ಟು, "ಹಂಗ ಅನಬಾರದು ತಂಗಿ, ನಂಬಿಕಿ ಕಳಕೋಬಾರದು" ಎಂದರು. ಅವಳು ಬಾಯಿಗೆ ಸೆರಗು ಹಿಡಿದಳು. ಆಮೇಲೆ ಎಷ್ಟೋ ವರ್ಷ ಆ ಮಾತನ್ನು ಅವಳು ಮತ್ತೆ ಆಡಲಿಲ್ಲ. ಸಭೆಯಲ್ಲಿ ಪ್ರಾರ್ಥನೆಗೆ ಕರೆದರೂ ತಲೆಯಾಡಿಸಿ ಬೇಡ ಎನ್ನುತ್ತಿದ್ದಳು.

ಆ ಹಿರಿಯರು ಈಗ ಇಲ್ಲ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಆದರೆ ಇಂದು ನಾನು ಹೇಳಬೇಕಾದದ್ದು ಇಷ್ಟೇ. ಅವತ್ತು ನನ್ನ ಹೆಂಡತಿ ನಂಬಿಕೆ ಕಳೆದುಕೊಂಡಿರಲಿಲ್ಲ. ಆ ಸ್ಮಶಾನದಲ್ಲಿ ನಂಬಿಕೆಯ ಮಾತನ್ನು ಆಡಿದವಳು ಅವಳೊಬ್ಬಳೇ.

ನಂಬು ಎಂಬ ಕ್ರಿಯಾಪದ

ಕನ್ನಡದ ಮೇಷ್ಟ್ರಾಗಿ ಈ ಪದದ ಬಳಿ ಸ್ವಲ್ಪ ನಿಲ್ಲುತ್ತೇನೆ. 'ನಂಬು' ಎಂದರೆ ನಿಜವೆಂದು ಒಪ್ಪುವುದು ಎಂದು ನಾವು ತಿಳಿದಿದ್ದೇವೆ. ದೇವರಿದ್ದಾನೆ ಎಂದು ನಂಬುವುದು, ಬರೆದದ್ದು ಸತ್ಯ ಎಂದು ನಂಬುವುದು. ಆದರೆ ನಮ್ಮ ಎರೆಹೊಲದ ರೈತ ಆ ಪದವನ್ನು ಹೇಗೆ ಬಳಸುತ್ತಾನೆ? "ಮಳಿ ನಂಬಿ ಬಿತ್ತೇವ್ರಿ" ಎನ್ನುತ್ತಾನೆ. "ಭೂಮಿ ನಂಬಿದವರು ನಾವು" ಎನ್ನುತ್ತಾನೆ. ಎರಡು ಎತ್ತು ನಂಬಿ ಸಂಸಾರ ಹೂಡಿದೆ ಎನ್ನುತ್ತಾನೆ. ಅಲ್ಲಿ ನಂಬುವುದು ಎಂದರೆ ಮಳೆ ಇದೆ ಎಂಬ ಅಭಿಪ್ರಾಯವಲ್ಲ. ಮನೆಯಲ್ಲಿದ್ದ ಬೀಜವನ್ನೆಲ್ಲ ಮಣ್ಣಿಗೆ ಹಾಕಿ, ತನ್ನ ಬದುಕನ್ನು ಇನ್ನೊಂದರ ಕೈಗೆ ಕೊಟ್ಟುಬಿಡುವುದು. ಮಳೆ ಬಾರದೆ ಹೋದರೆ ಅದೇ ರೈತ ಹೊಲದ ಬದುವಿನಲ್ಲಿ ನಿಂತು ಮುಗಿಲು ನೋಡಿ "ನಿನ್ನನ್ನಽ ನಂಬಿದ್ವಲ್ಲ" ಎನ್ನುತ್ತಾನೆ. ಹಿಂಗಾರಿಗೆ ಮತ್ತೆ ಬಿತ್ತುತ್ತಾನೆ.

ಗಮನಿಸಿ, ಕನ್ನಡದಲ್ಲಿ ಈ ಒಂದು ವಾಕ್ಯ ನಂಬಿಕೆಯೂ ಹೌದು, ದೂರೂ ಹೌದು. ಎರಡನ್ನೂ ಬಿಡಿಸಲು ಬರುವುದಿಲ್ಲ. ಪರಿಚಯವಿಲ್ಲದವನಿಗೆ "ನಿನ್ನನ್ನೇ ನಂಬಿದ್ದೆ" ಎಂದು ಯಾರೂ ಹೇಳುವುದಿಲ್ಲ. ಬದುಕನ್ನು ಕೊಟ್ಟವರು ಮಾತ್ರ, ಯಾರಿಗೆ ಕೊಟ್ಟರೋ ಅವರ ಎದುರು ನಿಂತು ಮಾತ್ರ, ಆ ಮಾತನ್ನು ಆಡಬಲ್ಲರು. ದೇವರ ಕಡೆಗೆ ಬೆನ್ನು ಹಾಕಿದವರಿಗೆ ದೂರು ಕೊಡುವ ಜಾಗವೇ ಉಳಿದಿರುವುದಿಲ್ಲ.

ಹಾಗಾದರೆ ಸತ್ಯವೇದದಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಏನು ಮಾಡಿದರು?

ಶೂನೇಮಿನ ತಾಯಿ

ಅರಸುಗಳ ಎರಡನೆಯ ಪುಸ್ತಕದ ನಾಲ್ಕನೆಯ ಅಧ್ಯಾಯ ನಿಮಗೆ ಗೊತ್ತಿದೆ. ಶೂನೇಮಿನ ಆ ಮನೆಯೊಡತಿ ಪ್ರವಾದಿಯಾದ ಎಲೀಷನಿಗೆ ಮಾಳಿಗೆಯ ಮೇಲೊಂದು ಕೋಣೆ ಕಟ್ಟಿಸಿಕೊಟ್ಟಿದ್ದಳು. ಮಕ್ಕಳಿರಲಿಲ್ಲ. ಬೇಡಿದವಳೂ ಅಲ್ಲ. ಆತನ ಮಾತಿನಂತೆ ಮಗ ಹುಟ್ಟಿದ. ಬೆಳೆದ. ಒಂದು ದಿನ ಸುಗ್ಗಿಯ ಹೊಲಕ್ಕೆ ತಂದೆಯ ಬಳಿ ಹೋದವನು ತಲೆನೋವೆಂದು ಅತ್ತ. ಆಳೊಬ್ಬ ಹೊತ್ತು ತಂದು ತಾಯಿಯ ತೊಡೆಗೆ ಕೊಟ್ಟ. ಮಧ್ಯಾಹ್ನದವರೆಗೆ ಆ ತೊಡೆಯ ಮೇಲಿದ್ದು ತೀರಿಕೊಂಡ.

ಅವಳು ಮಗನನ್ನು ಪ್ರವಾದಿಯ ಹಾಸಿಗೆಯ ಮೇಲೆ ಮಲಗಿಸಿ ಬಾಗಿಲು ಮುಚ್ಚಿದಳು. ಕತ್ತೆಗೆ ತಡಿ ಹಾಕಿಸಿ ಕರ್ಮೆಲ್ ಬೆಟ್ಟದ ದಾರಿ ಹಿಡಿದಳು. ಇವತ್ತೇಕೆ ಹೋಗುತ್ತೀ ಎಂದು ಗಂಡ ಕೇಳಿದರೆ ಎಲ್ಲ ಸರಿಯಿದೆ ಎಂದಳು. ದೂರದಿಂದಲೇ ಅವಳನ್ನು ಕಂಡ ಎಲೀಷ ತನ್ನ ಸೇವಕ ಗೇಹಜಿಯನ್ನು ಓಡಿಸಿದ. ನೀನು ಕ್ಷೇಮವೇ, ಗಂಡ ಕ್ಷೇಮವೇ, ಮಗ ಕ್ಷೇಮವೇ ಎಂದು ಗೇಹಜಿ ಕೇಳಿದ. ಕ್ಷೇಮ ಎಂದು ಅವನನ್ನೂ ದಾಟಿ ಹೋದಳು.

ನಮ್ಮ ಕಡೆ ದಾರಿಯಲ್ಲಿ ಸಿಕ್ಕವರು "ಆರಾಮ ಇದ್ದೀರಿ?" ಎನ್ನುತ್ತಾರೆ. ನಾವು "ಆರಾಮರಿ" ಎನ್ನುತ್ತೇವೆ. ಮಗಳು ಹೋದ ವರ್ಷವೆಲ್ಲ ನಾನೂ ಹಾಗೇ ಅಂದಿದ್ದೇನೆ. ಅದು ಸುಳ್ಳಲ್ಲ. ಎಲ್ಲ ನೋವನ್ನೂ ಎಲ್ಲರ ಮುಂದೆ ಬಿಚ್ಚುವುದಕ್ಕಾಗುವುದಿಲ್ಲ. ಶೂನೇಮಿನ ತಾಯಿ ತನ್ನ ಮಾತನ್ನು ಯಾರಿಗೆ ಕೊಡಬೇಕೋ ಅವರಿಗಾಗಿ ಕಟ್ಟಿಟ್ಟುಕೊಂಡು ಹೊರಟಿದ್ದಳು.

ಬೆಟ್ಟ ತಲುಪಿ ಎಲೀಷನ ಪಾದ ಹಿಡಿದಳು. ಗೇಹಜಿ ಅವಳನ್ನು ಆಚೆಗೆ ದೂಡಲು ಬಂದ. ಬಿಡು, ಅವಳ ಜೀವ ಕಹಿಯಾಗಿದೆ, ಕಾರಣವನ್ನು ದೇವರು ನನಗೆ ತಿಳಿಸಿಲ್ಲ ಎಂದ ಎಲೀಷ. ಆಗ ಅವಳು ಕೇಳಿದಳು. ಮಗ ಬೇಕೆಂದು ನಾನು ನಿನ್ನನ್ನು ಬೇಡಿದ್ದೆನೇ? ಸುಮ್ಮನೆ ಆಸೆ ಹುಟ್ಟಿಸಬೇಡ ಎಂದಿರಲಿಲ್ಲವೇ? ನನ್ನ ಹೆಂಡತಿ ಸ್ಮಶಾನದಲ್ಲಿ ಆಡಿದ ಮಾತು ಇದೇ ಅಲ್ಲವೇ!

ಇಲ್ಲಿ ಮೂವರನ್ನು ನೋಡಿ. ತಾಯಿ ಕೇಳುತ್ತಾಳೆ. ಗೇಹಜಿ ದೂಡುತ್ತಾನೆ. ಪ್ರವಾದಿ, ತನಗೆ ಕಾರಣ ಗೊತ್ತಿಲ್ಲವೆಂದು ಒಪ್ಪಿಕೊಂಡು, ಹಿಡಿದ ಪಾದವನ್ನು ಬಿಡಿಸಿಕೊಳ್ಳದೆ ನಿಲ್ಲುತ್ತಾನೆ. ನಮ್ಮ ಸಭೆಗಳಲ್ಲಿ ಗೇಹಜಿಯ ಕೆಲಸ ಮಾಡುವವರು ಬಹಳ. ಎಲೀಷನಂತೆ ನಿಲ್ಲುವವರು ಬೇಕಾಗಿದ್ದಾರೆ.

ಶೂನೇಮಿನ ಮಗ ಬದುಕಿದ, ಹೌದು. ಯೇಸುವಿನ ಮಾತಿಗೆ ಯಾಯೀರನ ಹನ್ನೆರಡು ವರ್ಷದ ಮಗಳೂ ಎದ್ದಳು, ನಾಯಿನಿನ ವಿಧವೆಯ ಮಗನೂ ಎದ್ದು ಕೂತ. ನಮ್ಮ ಮಕ್ಕಳು ಏಳಲಿಲ್ಲ. ಈ ಮಾತನ್ನು ಮುಚ್ಚಿಟ್ಟು ಮುಂದೆ ಹೋಗುವ ಉಪನ್ಯಾಸ ನನ್ನದಲ್ಲ. ಅದಕ್ಕೆ ಬರುತ್ತೇನೆ.

ಕಾರಣ ಹೇಳುವವರು

ಅದಕ್ಕೆ ಮೊದಲು ಸಮಾಧಾನ ಹೇಳುವವರ ಬಗ್ಗೆ ಎರಡು ಮಾತು.

ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆ ನಿಂತರು. ಆ ಊರುಗಳ ಹಳೆಯ ಕ್ರೈಸ್ತ ಸ್ಮಶಾನಗಳಲ್ಲಿ ನಡೆದವರಿಗೆ ದೊಡ್ಡವರ ಸಮಾಧಿಗಳ ನಡುವೆ ಮೊಳದುದ್ದದ ಸಮಾಧಿಗಳೂ ಕಾಣುತ್ತವೆ. ಮಗುವಿನ ಸಾವು ಆಗ ಮನೆಮನೆಯ ಸಂಗತಿ. 1971ರಲ್ಲೂ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ಲಸಿಕೆಗೆ, ಸೂಲಗಿತ್ತಿಯರಿಗೆ, ದಾದಿಯರಿಗೆ, ವೈದ್ಯರಿಗೆ ಕೈ ಮುಗಿಯಬೇಕಾದ ಸಂಗತಿ. ಆದರೆ ಅದರ ಇನ್ನೊಂದು ಮಗ್ಗುಲೂ ಇದೆ. ನಮ್ಮ ಅಜ್ಜಿಯ ಕಾಲದಲ್ಲಿ ಮಗು ಸತ್ತ ತಾಯಿಯ ಪಕ್ಕ ಕೂರಲು ಅದೇ ನೋವು ಉಂಡ ನಾಲ್ಕು ಹೆಂಗಸರಿರುತ್ತಿದ್ದರು. ಸಾವಿಲ್ಲದ ಮನೆಯ ಸಾಸಿವೆ ಎಲ್ಲೂ ಸಿಗುತ್ತಿರಲಿಲ್ಲ. ಇಂದು ಆ ತಾಯಿ ತನ್ನ ಓಣಿಯಲ್ಲಿ ಒಬ್ಬಳೇ. ಸುತ್ತ ನಿಂತವರಿಗೆ ಏನು ಹೇಳಬೇಕು ತಿಳಿಯುವುದಿಲ್ಲ. ತಿಳಿಯದ್ದರಿಂದ ಕಾರಣ ಹೇಳತೊಡಗುತ್ತಾರೆ.

ನಮಗೆ ಹೇಳಿದ್ದನ್ನು ಹೇಳುತ್ತೇನೆ. ದೇವರ ತೋಟಕ್ಕೆ ಹೂ ಬೇಕಾಗಿತ್ತು ಎಂದರು. ಮುಂದೆ ಬರಲಿದ್ದ ದೊಡ್ಡ ಕಷ್ಟದಿಂದ ಪಾರು ಮಾಡಿದ ಎಂದರು. ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತದೆ ಎಂದರು. ಒಬ್ಬರು, ಪ್ರಾರ್ಥನೆಯಲ್ಲಿ ನಂಬಿಕೆ ಕಡಿಮೆಯಾಯಿತೇನೋ ಎಂದರು. ಆ ಕೊನೆಯ ಮಾತು ನನ್ನ ಹೆಂಡತಿಯನ್ನು ಎಷ್ಟು ರಾತ್ರಿ ಎಬ್ಬಿಸಿ ಕೂರಿಸಿತು ಎಂಬುದನ್ನು ನಾನು ಬಲ್ಲೆ. ಒಂಬತ್ತು ದಿನದಲ್ಲಿ ತಾನು ನಿದ್ದೆಹೋದ ಆ ಅರ್ಧ ತಾಸನ್ನು ಅವಳು ಲೆಕ್ಕ ಹಾಕುತ್ತಿದ್ದಳು.

ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಯೇಸುವನ್ನು ಕೇಳಿದರು. ಇವನೂ ಅಲ್ಲ, ಅವರೂ ಅಲ್ಲ ಎಂದು ಆತ ಆ ಲೆಕ್ಕವನ್ನೇ ಅಲ್ಲಿಗೆ ನಿಲ್ಲಿಸಿದ. ಮಗುವಿನ ಸಾವಿಗೆ ತಂದೆತಾಯಿಯ ನಂಬಿಕೆಯನ್ನು ತೂಗುವವರು ಯೋಹಾನನ ಒಂಬತ್ತನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು.

ಯೋಬನ ಗೆಳೆಯರನ್ನು ನೆನೆಯಿರಿ. ಒಂದೇ ದಿನ ಹತ್ತು ಮಕ್ಕಳನ್ನು ಕಳೆದುಕೊಂಡವನ ಬಳಿಗೆ ಬಂದು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದು. ಆಮೇಲೆ ಬಾಯಿ ತೆರೆದು ದೇವರ ಪರವಾಗಿ ವಾದಿಸಿದರು. ಯೋಬ ದೇವರನ್ನೇ ಕಟಕಟೆಗೆ ಕರೆದ, ಹುಟ್ಟಿದ ದಿನವನ್ನೇ ಶಪಿಸಿದ. ನಾವು ಯೋಬನ ತಾಳ್ಮೆಯ ಬಗ್ಗೆ ಮೊದಲ ಅಧ್ಯಾಯವನ್ನಷ್ಟೇ ಇಟ್ಟುಕೊಂಡು ಮಾತಾಡುತ್ತೇವೆ. ಅದರ ನಂತರದ ಕೂಗನ್ನು ಬಿಟ್ಟುಬಿಡುತ್ತೇವೆ. ಕೊನೆಗೆ ದೇವರು ಕೊಟ್ಟ ತೀರ್ಪೇನು? ತನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬ, ಗೆಳೆಯರಲ್ಲ ಎಂದ. ತನ್ನ ಪರವಾಗಿ ಕಾರಣ ಹೇಳಿದವರಿಗಿಂತ ತನ್ನನ್ನೇ ಕಾರಣ ಕೇಳಿದವನು ದೇವರಿಗೆ ಹತ್ತಿರದವನಾದ.

ಮೂರು ಸಮಾಧಿಗಳು

ದೊಡ್ಡ ವಿಶ್ವಾಸಿಗಳು ಅಳುವುದಿಲ್ಲ ಎಂದು ಯಾರಾದರೂ ಹೇಳಿದರೆ ಚರಿತ್ರೆ ತೋರಿಸಬಹುದು.

1542ರ ಸೆಪ್ಟೆಂಬರ್. ಜರ್ಮನಿಯ ವಿಟೆನ್‌ಬರ್ಗ್. ಮಾರ್ಟಿನ್ ಲೂಥರನ ಮಗಳು ಮಗ್ದಲೇನಳಿಗೆ ಹದಿಮೂರು ವರ್ಷ. ತಂದೆ ಹಾಸಿಗೆಯ ಬಳಿ ಮೊಣಕಾಲೂರಿ ಅಳುತ್ತ ಪ್ರಾರ್ಥಿಸಿದ. ಇಲ್ಲಿಯ ತಂದೆಯ ಬಳಿ ಇರುತ್ತೀಯೋ ಅಲ್ಲಿಯ ತಂದೆಯ ಬಳಿ ಹೋಗುತ್ತೀಯೋ ಎಂದು ಅವಳನ್ನೇ ಕೇಳಿದ. ದೇವರ ಚಿತ್ತದಂತಾಗಲಿ ಎಂದಳು ಹುಡುಗಿ. ಅವನ ತೋಳಿನಲ್ಲೇ ತೀರಿಕೊಂಡಳು. ಮೂರು ದಿನದ ಮೇಲೆ ಲೂಥರ್ ಗೆಳೆಯ ಯುಸ್ಟುಸ್ ಯೋನಾಸನಿಗೆ ಕಾಗದ ಬರೆದ. ಅವಳು ಒಳ್ಳೆಯ ಕಡೆ ಸೇರಿದ್ದಕ್ಕೆ ನಾನೂ ನನ್ನ ಹೆಂಡತಿಯೂ ಸ್ತೋತ್ರ ಹೇಳಬೇಕಾದವರು, ಆದರೆ ಬಿಕ್ಕದೆ ಅದು ಸಾಧ್ಯವಾಗುತ್ತಿಲ್ಲ, ಕ್ರಿಸ್ತನ ಮರಣವನ್ನು ನೆನೆದರೂ ಈ ದುಃಖ ಪೂರ್ತಿ ಹೋಗುತ್ತಿಲ್ಲ ಎಂಬುದು ಅದರ ಸಾರ. ವಿಶ್ವಾಸದಿಂದಲೇ ಬಿಡುಗಡೆ ಎಂದು ಯೂರೋಪನ್ನು ಅಲುಗಾಡಿಸಿದ ಮನುಷ್ಯ ಹಾಗೆ ಬರೆದ. ಅವನ ನಂಬಿಕೆ ಅದರಿಂದ ಕಿರಿದಾಯಿತೆಂದು ನನಗನ್ನಿಸುವುದಿಲ್ಲ.

1829. ಬರ್ಲಿನ್. ದೇವಶಾಸ್ತ್ರಜ್ಞ ಶ್ಲಯರ್‌ಮಾಕರ್‌ನ ಒಬ್ಬನೇ ಮಗ ನಥಾನಿಯೇಲ್ ಒಂಬತ್ತನೆಯ ವಯಸ್ಸಿಗೆ ತೀರಿಕೊಂಡ. ಮಗನ ಸಮಾಧಿಯ ಮುಂದೆ ತಂದೆಯೇ ನಿಂತು ಪ್ರಸಂಗ ಮಾಡಿದ. ಲೋಕದ ಕೇಡಿನಿಂದ ಮಗು ತಪ್ಪಿಸಿಕೊಂಡಿತು ಎಂಬ ಸಮಾಧಾನ ತನಗೆ ಬೇಡ ಎಂದ. ಈ ಲೋಕ ಕ್ರಿಸ್ತನು ಕಾಲಿಟ್ಟು ಬೆಳಗಿದ ಲೋಕ, ಇದರಲ್ಲಿ ಮಗ ಬೆಳೆಯಬಾರದಿತ್ತೆಂದು ಹೇಗೆ ಹೇಳಲಿ ಎಂದ. ಮಕ್ಕಳು ದೇವದೂತರ ನಡುವೆ ಇದ್ದಾರೆಂಬ ಚಿತ್ರವೂ ತನ್ನ ಮನಸ್ಸಿನಲ್ಲಿ ಉತ್ತರಕ್ಕಿಂತ ಪ್ರಶ್ನೆಗಳನ್ನೇ ಎಬ್ಬಿಸುತ್ತದೆ ಎಂದ. ಕೊನೆಗೆ ಅವನು ಹಿಡಿದುಕೊಂಡದ್ದು ಒಂದನ್ನೇ. ತಂದೆ ತನಗೆ ಕೊಟ್ಟವರು ತಾನಿರುವಲ್ಲೇ ಇರಬೇಕೆಂದು ಕ್ರಿಸ್ತನು ಮಾಡಿದ ಆ ಪ್ರಾರ್ಥನೆ, ಯೋಹಾನನ ಹದಿನೇಳನೆಯ ಅಧ್ಯಾಯದ್ದು. ಬಣ್ಣದ ಸಮಾಧಾನಗಳನ್ನೆಲ್ಲ ಕೆಳಗಿಟ್ಟು, ಭಾರ ತಡೆಯುವ ಒಂದೇ ಗಳುವನ್ನು ಆ ತಂದೆ ಹುಡುಕಿಕೊಂಡ.

ಮೂರನೆಯದು ನಮ್ಮ ದೇಶದ ಮಣ್ಣು. 1793ರಲ್ಲಿ ಮಿಷನರಿ ವಿಲಿಯಂ ಕೇರಿ ಸಂಸಾರ ಸಮೇತ ಬಂಗಾಳಕ್ಕೆ ಬಂದರು. ಮರುವರ್ಷವೇ ಮುದ್ನಾಬಾಟಿಯಲ್ಲಿ ಐದು ವರ್ಷದ ಮಗ ಪೀಟರ್ ರಕ್ತಭೇದಿಯಿಂದ ತೀರಿಕೊಂಡ. ಜಾತಿ ಕಟ್ಟಳೆಗಳ ನಡುವೆ ಗುಂಡಿ ತೋಡುವವರೇ ಸಿಗಲಿಲ್ಲ. ಕೊನೆಗೆ ನಾಲ್ವರು ಮುಸಲ್ಮಾನರು ತೋಡಿದರು. ತಾಯಿ ಡೊರೊತಿಯ ಮನಸ್ಸು ಒಡೆಯಿತು. 1807ರಲ್ಲಿ ಸಾಯುವವರೆಗೂ ಅದು ಕೂಡಿಬರಲಿಲ್ಲ.

ಕೇರಿಯವರ ಅನುವಾದಗಳನ್ನು, ಸೆರಾಂಪುರದ ಅಚ್ಚುಕೂಟವನ್ನು ನಾವು ಹೊಗಳುತ್ತೇವೆ. ಡೊರೊತಿಯ ಹೆಸರು ಬಂದಾಗ ಮಾತು ಹೊರಳಿಸುತ್ತೇವೆ. ಮಗುವಿನ ಜೊತೆ ನಂಬುವ ಶಕ್ತಿಯನ್ನೂ ಕಳೆದುಕೊಂಡ ತಾಯಿಯನ್ನು ಸಭೆ ಎಲ್ಲಿ ಇಡುತ್ತದೆ? ನನ್ನ ಉತ್ತರ ಮಾರ್ಕನ ಸುವಾರ್ತೆಯಲ್ಲಿದೆ. ಪಾರ್ಶ್ವವಾಯು ಹಿಡಿದವನನ್ನು ನಾಲ್ಕು ಜನ ಹೊತ್ತು ತಂದು ಮಾಳಿಗೆ ಕಿತ್ತು ಇಳಿಸಿದರು. ಯೇಸು ನೋಡಿದ್ದು ಆ ನಾಲ್ವರ ನಂಬಿಕೆಯನ್ನೂ. ಪ್ರಾರ್ಥಿಸಲಾಗದವರ ಪರವಾಗಿ ಪ್ರಾರ್ಥಿಸುವುದು, ಹಾಡಲಾಗದವರ ಪಕ್ಕದಲ್ಲಿ ಹಾಡುವುದು, ಅವರ ಪಾಲಿನ ನಂಬಿಕೆಯನ್ನು ಅವರು ಎದ್ದು ಬರುವವರೆಗೆ, ಬರದೇ ಇದ್ದರೂ, ಹೊರುವುದು ಸಭೆಯ ಕೆಲಸ. ಮಗುವಿನ ಪೆಟ್ಟಿಗೆ ಹೊರಲು ನಾಲ್ಕು ಜನ ಬೇಡ. ಆ ತಾಯಿಯನ್ನು ಹೊರಲು ನಾಲ್ಕು ಜನ ಬೇಕು.

ಚಂದ್ರಮತಿಯಿಂದ ಕಲಿತದ್ದು

ಅಳುವ ಅಪ್ಪಣೆ ನನಗೆ ಮೊದಲು ಸಿಕ್ಕಿದ್ದು ಸಭೆಯಲ್ಲಲ್ಲ, ತರಗತಿಯಲ್ಲಿ. ಮಗಳು ಹೋದ ಎರಡನೆಯ ವರ್ಷ ರಾಘವಾಂಕನ ಹರಿಶ್ಚಂದ್ರ ಕಾವ್ಯ ಪಠ್ಯವಾಗಿತ್ತು. ಲೋಹಿತಾಶ್ವ ಹಾವು ಕಚ್ಚಿ ಸತ್ತ ಪ್ರಸಂಗ. ದಾಸಿಯಾದ ಚಂದ್ರಮತಿ ಹಗಲೆಲ್ಲ ಒಡೆಯನ ಮನೆಯ ಕೆಲಸ ಮುಗಿಸಿ, ಇರುಳಲ್ಲಿ ಮಗನನ್ನು ಹುಡುಕಿ, ಹೆಣ ಹೊತ್ತು ಸುಡುಗಾಡಿಗೆ ಬರುತ್ತಾಳೆ. ಅಲ್ಲಿ ಕಾವಲಿರುವ ಗಂಡನೇ ಸುಂಕ ಕೇಳುತ್ತಾನೆ. ಪದ್ಯ ಓದುತ್ತ ನನ್ನ ದನಿ ನಿಂತುಹೋಯಿತು. ಹುಡುಗರು ತಲೆ ತಗ್ಗಿಸಿ ಕುಳಿತರು. ಸತ್ಯವನ್ನು ಬಿಡದ ಹರಿಶ್ಚಂದ್ರನನ್ನು ಹಾಡಹೊರಟ ಆ ಕವಿ, ತಾಯಿಯ ಪ್ರಲಾಪವನ್ನು ಸತ್ಯಕ್ಕೆ ಅಡ್ಡಿಯೆಂದು ತಿಳಿಯಲಿಲ್ಲ. ಬಾಯಿ ತುಂಬ ಅಳಲು ಬಿಟ್ಟ. ಮನೆಗೆ ಬಂದು ಕೀರ್ತನೆಗಳನ್ನು ತೆರೆದೆ. ಎಂಬತ್ತೆಂಟನೆಯ ಕೀರ್ತನೆ ಕಗ್ಗತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಹಣತೆಯೂ ಇಲ್ಲ. ಅದನ್ನೂ ಪ್ರಾರ್ಥನೆಯೆಂದೇ ಪುಸ್ತಕದಲ್ಲಿ ಸೇರಿಸಿದ್ದಾರೆ. ನಮ್ಮ ಸತ್ಯವೇದವೂ ರಾಘವಾಂಕನಷ್ಟೇ ಉದಾರ ಎಂಬುದು ಅಂದು ಕಣ್ಣಿಗೆ ಬಿತ್ತು.

ನಮ್ಮೂರಿನ ಬೇಂದ್ರೆಯವರು ಮಗುವನ್ನು ಕಳೆದುಕೊಂಡಾಗ ಬರೆದ ಕವಿತೆಯಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನಿದ್ದಾನೆ. ಆ ಗಂಡ ನಾನು. ಅವಳು ಮಾತಾಡಿದಷ್ಟೂ ನಾನು ಮೌನವಾದೆ. ಅವಳು ಮಗಳ ಶಾಲೆಯ ಚೀಲವನ್ನು ಗೂಟದಿಂದ ತೆಗೆಯಲು ಬಿಡಲಿಲ್ಲ, ನಾನು ಆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟೆ. ನನಗೆ ದುಃಖವಿಲ್ಲವೆಂದು ಅವಳು ತಿಳಿದಳು, ಅವಳಿಗೆ ನಂಬಿಕೆಯಿಲ್ಲವೆಂದು ನಾನು ತಿಳಿದೆ. ಇಬ್ಬರೂ ತಪ್ಪಿದ್ದೆವು. ದಾವೀದ ಒಂದು ಶಿಶು ಸತ್ತಾಗ ಎದ್ದು ಮುಖ ತೊಳೆದು ಆರಾಧನೆಗೆ ಹೋದ, ಊಟ ಮಾಡಿದ. ಅಬ್ಷಾಲೋಮ ಸತ್ತಾಗ ಅದೇ ದಾವೀದ ಮಾಳಿಗೆಯ ಕೋಣೆಗೆ ಹತ್ತಿ, ನಿನ್ನ ಬದಲು ನಾನು ಸಾಯಬಾರದಿತ್ತೇ ಎಂದು ಗೋಳಾಡಿದ. ಒಬ್ಬನೇ ಮನುಷ್ಯನಲ್ಲಿ ಇಷ್ಟು ಅಂತರವಿದ್ದರೆ ಗಂಡಹೆಂಡಿರ ನಡುವೆ ಇರದೇ? ಈ ಸಭೆಯಲ್ಲಿ ಅಂಥ ದಂಪತಿಗಳಿದ್ದರೆ ಕೇಳಿಕೊಳ್ಳುತ್ತೇನೆ. ಒಬ್ಬರ ಅಳುವನ್ನು ಇನ್ನೊಬ್ಬರು ಅಳೆಯಬೇಡಿ.

ಏಳದ ಮಕ್ಕಳ ತಾಯಿ

ಈಗ ಬಾಕಿ ಉಳಿಸಿಕೊಂಡ ಪ್ರಶ್ನೆಗೆ ಬರುತ್ತೇನೆ. ನಮ್ಮ ಮಕ್ಕಳು ಏಳಲಿಲ್ಲ.

ಸಮುವೇಲನ ಎರಡನೆಯ ಪುಸ್ತಕದಲ್ಲಿ ರಿಚ್ಪ ಎಂಬ ತಾಯಿಯಿದ್ದಾಳೆ. ಸೌಲನ ಮನೆತನದ ತಪ್ಪಿಗೆಂದು ಅವಳ ಇಬ್ಬರು ಮಕ್ಕಳನ್ನು ಗಲ್ಲಿಗೇರಿಸಿ ಬೆಟ್ಟದಲ್ಲಿ ಬಿಟ್ಟರು. ಅವಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕುಳಿತಳು. ಜವೆಗೋಧಿಯ ಕೊಯ್ಲಿನ ಆರಂಭದಿಂದ ಮಳೆ ಬೀಳುವವರೆಗೆ ಹಗಲು ಹಕ್ಕಿಗಳನ್ನು, ಇರುಳು ಕಾಡುಮೃಗಗಳನ್ನು ಓಡಿಸಿದಳು. ಒಂದು ಮಾತೂ ಆಡಿದ್ದಾಗಿ ಬರೆದಿಲ್ಲ. ಪವಾಡವೂ ನಡೆಯಲಿಲ್ಲ. ಆದರೆ ಸುದ್ದಿ ಕೇಳಿದ ದಾವೀದ ಎಲುಬುಗಳನ್ನು ಕೂಡಿಸಿ ಗೌರವದಿಂದ ಮಣ್ಣು ಮಾಡಿಸಿದ. ಅದಾದ ಮೇಲೆಯೇ ದೇವರು ಬರ ಬಿದ್ದಿದ್ದ ಆ ದೇಶದ ಮೊರೆ ಕೇಳಿದನೆಂದು ಬರೆದಿದೆ. ಒಂದು ನಾಡಿನ ಪ್ರಾರ್ಥನೆ ಒಬ್ಬ ತಾಯಿಯ ದುಃಖಕ್ಕೆ ಮರ್ಯಾದೆ ಸಿಗುವವರೆಗೆ ಕಾಯಬೇಕಾಯಿತು. ನನಗೆ ತಿಳಿದಂತೆ ದೇವರು ಆ ಬಂಡೆಯನ್ನು ಬಿಟ್ಟು ಹೋಗಿರಲಿಲ್ಲ.

ಪ್ರಸಂಗಗಳಲ್ಲಿ, ದೇವರೂ ಮಗನನ್ನು ಕಳೆದುಕೊಂಡ ಎಂದು ಬೇಗ ಹೇಳಿಬಿಡುತ್ತೇವೆ. ಒಬ್ಬ ತಾಯಿ ನನಗೆ ಹೇಳಿದರು: "ಅವನಿಗೆ ಮೂರನೇ ದಿನಕ್ಕ ಮಗ ಸಿಕ್ಕ. ನನಗ?" ಆ ಪ್ರಶ್ನೆಯನ್ನು ನಾನು ಹಗುರವಾಗಿ ದಾಟಲಾರೆ. ಆದರೆ ಶಿಲುಬೆಯ ಮೇಲೆ ಆ ಮಗ ಕೂಗಿದ್ದನ್ನು ನೋಡಿ. ಕೈಬಿಟ್ಟಿದ್ದೇಕೆ ಎಂಬ ಆ ಕೂಗು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಮಾತು. ಆ ಕೀರ್ತನೆಯಲ್ಲಿ ಮುಂದೆಯೇ ನಮ್ಮ ಹಿರಿಯರು ನಿನ್ನನ್ನು ನಂಬಿದ್ದರು, ನಾಚಿಕೆಗೆ ಈಡಾಗಲಿಲ್ಲ ಎಂಬ ನೆನಪು ಬರುತ್ತದೆ. ನಿನ್ನನ್ನೇ ನಂಬಿದ್ದೆವಲ್ಲ! ನನ್ನ ಹೆಂಡತಿಯ ಮಾತು ನನಗಿಂತ ಮೊದಲೇ ಶಿಲುಬೆ ನೆಟ್ಟ ಗೊಲ್ಗೊಥಾವನ್ನು ಮುಟ್ಟಿತ್ತು. ದೇವರ ಮಗನೇ ಆಡಿದ ಮಾತನ್ನು ದೇವರ ಮಗಳು ಆಡಬಾರದೆಂದು ನಾವು ಹೇಗೆ ತಡೆದೆವು?

ಮೂರನೆಯ ದಿನ ಎದ್ದು ಬಂದವನ ಕೈಗಳಲ್ಲಿ ಮೊಳೆಯ ಗಾಯಗಳು ಹಾಗೇ ಇದ್ದವು. ತೋಮನಿಗೆ ಅದನ್ನೇ ಮುಟ್ಟಿ ನೋಡಲು ಹೇಳಿದ. ಪುನರುತ್ಥಾನ ಗಾಯವನ್ನು ಅಳಿಸಲಿಲ್ಲ.

ಹಾಗಾದ್ದರಿಂದ ಪುತ್ರಶೋಕಂ ನಿರಂತರಂ ಎಂಬ ಮಾತನ್ನು ಕ್ರೈಸ್ತನಾಗಿಯೂ ನಾನು ಒಪ್ಪುತ್ತೇನೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ನಿಕೊಲಾಸ್ ವೊಲ್ಟರ್‌ಸ್ಟಾರ್ಫ್ ಅವರ ಇಪ್ಪತ್ತೈದು ವರ್ಷದ ಮಗ 1983ರಲ್ಲಿ ಆಸ್ಟ್ರಿಯದ ಬೆಟ್ಟ ಹತ್ತುವಾಗ ಬಿದ್ದು ತೀರಿಕೊಂಡ. ಅದರ ಕುರಿತು ಅವರು 1987ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಜೀವನವಿಡೀ ವಾದ ಕಟ್ಟಿದ ಆ ತತ್ತ್ವಜ್ಞಾನಿ ಕಾರಣ ಕಟ್ಟಿಕೊಡಲು ಹೋಗಲಿಲ್ಲ. ತನ್ನ ಪಕ್ಕದಲ್ಲಿ ಬಂದು ಕೂರಿ ಎಂದು ಓದುಗರನ್ನು ಕೇಳಿಕೊಂಡರು.

ಎಷ್ಟು ಮಕ್ಕಳು?

ಕೊನೆಯ ಸಂಗತಿ. ಹೊಸಬರು ಯಾರಾದರೂ, ಎಷ್ಟು ಮಕ್ಕಳು ನಿಮಗೆ ಎಂದು ಕೇಳುತ್ತಾರೆ. ಮಗಳು ಹೋದಮೇಲೆ ನಾನು, ಒಬ್ಬನೇ ಮಗ ಎನ್ನುತ್ತಿದ್ದೆ. ನನ್ನ ಹೆಂಡತಿ, ಇಬ್ಬರು ಎನ್ನುತ್ತಿದ್ದಳು. ಕೇಳಿದವರು ಗೊಂದಲದಿಂದ ಇಬ್ಬರ ಮುಖವನ್ನೂ ನೋಡುತ್ತಿದ್ದರು. ರೇಷನ್ ಕಾರ್ಡಿನಲ್ಲಿ ಮಗಳ ಹೆಸರಿನ ಮೇಲೆ ಗೆರೆ ಎಳೆದು ಮೂರು ಜನ ಎಂದು ತಿದ್ದಿ ಕೊಟ್ಟಿದ್ದರು. ನನ್ನ ಲೆಕ್ಕ ಆ ಕಾರ್ಡಿನದಾಗಿತ್ತು.

ಮಗನ ಮದುವೆಯ ಕಾಲಕ್ಕೆ ಅವನ ದೀಕ್ಷಾಸ್ನಾನದ ಪತ್ರ ತರಲು ಸಭೆಯ ಕಚೇರಿಗೆ ಹೋದೆ. ದಪ್ಪ ರಟ್ಟಿನ ಹಳೆಯ ರಿಜಿಸ್ಟರ್. ಪುಟ ತಿರುವುತ್ತಿದ್ದಾಗ ಮಗಳ ಹೆಸರು ಸಿಕ್ಕಿತು. ನೀಲಿ ಶಾಯಿ ಮಾಸಿತ್ತು. ಗೆರೆ ಎಳೆದಿರಲಿಲ್ಲ. ತೀರಿಕೊಂಡವರ ಹೆಸರು ಇದರಲ್ಲಿ ಹೊಡೆಯುವುದಿಲ್ಲವೇ ಎಂದು ಕೇಳಿದೆ. "ಇಲ್ರಿ ಸರ್. ಮಣ್ಣಿನ ಪುಸ್ತಕ ಬ್ಯಾರೆ. ಇದರಾಗ ಬರದದ್ದನ್ನ ಯಾಕ ಹೊಡಿತಾರ?" ಎಂದ ಕಚೇರಿಯ ಹುಡುಗ. ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ.

ದೀಕ್ಷಾಸ್ನಾನಕ್ಕೂ ಮೊದಲೇ ಹೋದ, ಹೆಸರನ್ನೂ ಇಡದ ಮಕ್ಕಳ ತಂದೆತಾಯಿ ಇಲ್ಲಿರಬಹುದು. ಅಂಥ ಶಿಶುಗಳ ಕುರಿತು ಶತಮಾನಗಳ ಕಾಲ ಭಯದ ಮಾತುಗಳಿದ್ದವು. 2007ರಲ್ಲಿ ಕಥೋಲಿಕ ಸಭೆಯ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಅವರ ರಕ್ಷಣೆಯನ್ನು ನಿರೀಕ್ಷಿಸಲು ಗಟ್ಟಿ ಆಧಾರಗಳಿವೆ ಎಂದು ಪ್ರಕಟಿಸಿತು. ಮಕ್ಕಳನ್ನು ತಡೆಯಬೇಡಿ ಎಂದವನ ಬಳಿ ರಿಜಿಸ್ಟರಿಗೂ ದೊಡ್ಡ ಪುಸ್ತಕವಿದೆ ಎಂದು ನಾನು ನಂಬಿದ್ದೇನೆ.

ಅವತ್ತು ರಾತ್ರಿ ಯೋಬನ ಕೊನೆಯ ಅಧ್ಯಾಯ ಓದಿದೆ. ದೇವರು ಅವನಿಗೆ ಎಲ್ಲವನ್ನೂ ಎರಡರಷ್ಟು ಕೊಟ್ಟ. ಕುರಿ 7,000 ಇದ್ದದ್ದು 14,000 ಆಯಿತು, ಒಂಟೆ 3,000 ಇದ್ದದ್ದು 6,000. ಮಕ್ಕಳು ಮಾತ್ರ ಮೊದಲಿನಂತೆಯೇ ಏಳು ಗಂಡು, ಮೂರು ಹೆಣ್ಣು. ಇದೇಕೆ ಎಂದು ಹಳೆಯ ವ್ಯಾಖ್ಯಾನಕಾರರೂ ಕೇಳಿಕೊಂಡಿದ್ದಾರೆ. ಕುರಿಗಳು ಸತ್ತರೆ ಹೋದವು, ಆದ್ದರಿಂದ ಇಮ್ಮಡಿಯಾಗಬೇಕಾದರೆ ಹೊಸದಾಗಿಯೇ ಇಮ್ಮಡಿ ಬರಬೇಕು. ಮೊದಲ ಹತ್ತು ಮಕ್ಕಳು ಹೋದವರಲ್ಲ, ದೇವರ ಬಳಿ ಇದ್ದವರು, ಆದ್ದರಿಂದ ಇನ್ನು ಹತ್ತು ಸೇರಿದರೆ ಅದೇ ಇಮ್ಮಡಿ ಎಂಬುದು ಅವರು ಕಂಡುಕೊಂಡ ಉತ್ತರ. ಹೊಸ ಮಕ್ಕಳು ಹಳೆಯ ಮಕ್ಕಳ ಜಾಗ ತುಂಬಲಿಲ್ಲ. ಯಾವ ಮಗುವೂ ಇನ್ನೊಂದರ ಜಾಗ ತುಂಬುವುದಿಲ್ಲ.

ಓದಿ ಮುಗಿಸಿ ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಮೊದಲಿಂದ ಹಂಗಽ ಎಣಿಸೀನಲ್ಲ" ಎಂದಳು. ಬಳಿಕ, ಸ್ಮಶಾನದ ಆ ದಿನದ ನಂತರ ಮೊದಲ ಸಲ, ನಮ್ಮಿಬ್ಬರ ಪರವಾಗಿ ಬಾಯಿಬಿಟ್ಟು ಪ್ರಾರ್ಥಿಸಿದಳು. ಅದೇ ಮಾತಿನಿಂದ ಆರಂಭಿಸಿದಳು: ನಿನ್ನನ್ನಽ ನಂಬಿದ್ವಿ. ಈ ಸಲ ಯಾರೂ ತಡೆಯಲಿಲ್ಲ. ಅವಳು ಮುಂದುವರಿಸಿದಳು.

ದತ್ತಿ ಇಟ್ಟ ತಾಯಿಯ ಪ್ರಶ್ನೆಗೆ ನನ್ನ ಬಳಿ ಇರುವುದು ಇಷ್ಟೇ. ಮಗು ಹೋದಮೇಲೆ ದೇವರನ್ನು ನಂಬುವುದೆಂದರೆ ಕಾರಣ ತಿಳಿದವರಂತೆ ಸುಮ್ಮನಾಗುವುದಲ್ಲ. ಬಿತ್ತಿದ ಬೀಜದ ಲೆಕ್ಕವನ್ನು ಮುಗಿಲಿನ ಎದುರೇ ಕೇಳುತ್ತ, ಅದೇ ಮುಗಿಲಿನ ಕೆಳಗೆ ಬದುಕುವುದು. ದೂರನ್ನು ತೆಗೆದುಕೊಂಡು ಬೇರೆಲ್ಲಿಗೂ ಹೋಗದೆ ಅವನ ಬಾಗಿಲಿಗೇ ಹೋಗುವುದು. ಅವನ ಮುಂದೆ ನಮ್ಮ ಮಕ್ಕಳನ್ನು ಪೂರ್ತಿಯಾಗಿ ಎಣಿಸುವುದು.

ಇವತ್ತು ಬೆಳಿಗ್ಗೆ ಇಲ್ಲಿಗೆ ಬರುವಾಗ ರೈಲಿನಲ್ಲಿ ಪಕ್ಕದವರು ಕೇಳಿದರು, ಎಷ್ಟು ಮಕ್ಕಳು ನಿಮಗೆ? ಇಬ್ಬರು ಎಂದೆ. ಒಬ್ಬ ಮಗ, ಒಬ್ಬಳು ಮಗಳು.